ಇಂಗ್ಲೆಂಡಿನಲ್ಲಿ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ: ಹುಬ್ಬಳ್ಳಿ-ಧಾರವಾಡ ಕಡೆಯಿಂದ ಬಂದವರಿಗೆ

ಊರಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಳಕಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ವಿಡಿಯೊ ಬಂದಾಗಲೆಲ್ಲ ಇಲ್ಲಿರುವ ನಮ್ಮವರು ಕೇಳುತ್ತಾರೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅದು ಸಿಗುತ್ತದಾ ಅಂತ. ಸಿಗುತ್ತದೆ. ಫೋಟೋಡೈನಮಿಕ್ ಥೆರಪಿ, ಅಂದರೆ ಪಿಡಿಟಿ. ಆದರೆ ಎಲ್ಲ ಕ್ಯಾನ್ಸರಿಗೂ ಅಲ್ಲ.

ಬರೀ ಬೆಳಕಿನಿಂದ ಏನೂ ಆಗುವುದಿಲ್ಲ. ಮೊದಲು ಒಂದು ಔಷಧ ಹಚ್ಚುತ್ತಾರೆ ಇಲ್ಲವೇ ರಕ್ತನಾಳಕ್ಕೆ ಕೊಡುತ್ತಾರೆ, ಅದು ಕ್ಯಾನ್ಸರ್ ಜೀವಕೋಶಗಳಲ್ಲಿ ಸೇರಿಕೊಂಡ ಮೇಲೆ ಕೆಂಪು ಬೆಳಕು ಬಿಡುತ್ತಾರೆ, ಆಗ ಔಷಧ ಬೆಳಕಿಗೆ ಚುರುಕಾಗಿ, ಅಲ್ಲಿನ ಆಮ್ಲಜನಕವೇ ಆ ಜೀವಕೋಶಗಳನ್ನು ಸಾಯಿಸುತ್ತದೆ. ಈ ಬೆಳಕು ಮೈಯೊಳಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹಾಗಾಗಿ ಚರ್ಮದ ಮೇಲ್ಪದರದ ಬೇಸಲ್ ಸೆಲ್ ಕ್ಯಾನ್ಸರ್, ಬೋವೆನ್ಸ್ ಕಾಯಿಲೆ (ಚರ್ಮದ ಮೇಲ್ಪದರದಲ್ಲೇ ಇರುವ ಕ್ಯಾನ್ಸರಿನ ಆರಂಭದ ರೂಪ) ಇಂಥವಕ್ಕೇ ಜಾಸ್ತಿ ಬಳಕೆ. ಮೈತುಂಬ ಹರಡಿದ್ದಕ್ಕೆ ಇದು ನಡೆಯುವುದಿಲ್ಲ. ನಮ್ಮ ಕಡೆ ಕರೆಂಟ್ ಕೊಡಿಸುವುದು ಅನ್ನುತ್ತಾರಲ್ಲ, ಆ ರೇಡಿಯೇಶನ್ ಬೇರೆ.

ಹುಬ್ಬಳ್ಳಿಯಲ್ಲಾದರೆ ಬೆಳಿಗ್ಗೆ ಎದ್ದು ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಿ ಚೀಟಿ ಮಾಡಿಸುತ್ತೇವೆ. ಇಲ್ಲಿ ಎಲ್ಲದಕ್ಕೂ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರು. ಬಂದ ವಾರದಲ್ಲೇ ಹೆಸರು ನೋಂದಾಯಿಸಿ, ಕಾಯಿಲೆ ಬರಲಿ ಅಂತ ಕಾಯಬೇಡಿ. ಜಿಪಿಗೆ ಅನುಮಾನ ಬಂದರೆ ಅರ್ಜೆಂಟ್ ರೆಫರಲ್ ಹಾಕುತ್ತಾರೆ, ಅಂದರೆ ಬೇಗ ನೋಡಿ ಅಂತ ಆಸ್ಪತ್ರೆಯ ಸ್ಪೆಷಲಿಸ್ಟಿಗೆ ಕಳಿಸುತ್ತಾರೆ. ಅದಾದ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬೇಕು, 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಂಗ್ಲೆಂಡಿನ ಗುರಿ. ಎಲ್ಲ ಕಡೆ ಹಾಗೆ ಆಗುತ್ತಿಲ್ಲ, ಅದಕ್ಕೇ ಆಸ್ಪತ್ರೆಯಿಂದ ಪತ್ರ ಬರಲಿಲ್ಲ ಅಂದರೆ ಸುಮ್ನೆ ಕೂರದೆ ಫೋನ್ ಮಾಡಿ. ಬೇಸಲ್ ಸೆಲ್ ನಿಧಾನಕ್ಕೆ ಬೆಳೆಯುವಂಥದ್ದು, ಅದನ್ನು ಹೆಚ್ಚಾಗಿ ಅರ್ಜೆಂಟ್ ಅಲ್ಲದ ರೂಟೀನ್ ಸಾಲಿನಲ್ಲೇ ಕಳಿಸುತ್ತಾರೆ, ಗಾಬರಿ ಬೇಡ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕಡೆಯವರಿಗೆ ಚರ್ಮಕ್ಕಿಂತ ಬಾಯಿಯ ಚಿಂತೆ ಜಾಸ್ತಿ ಇರಬೇಕು. ಗುಟ್ಕಾ, ತಂಬಾಕು, ಎಲೆ ಅಡಿಕೆ ರೂಢಿ ಇದ್ದವರ ಬಾಯಲ್ಲಿ ಹುಣ್ಣು 3 ವಾರ ದಾಟಿದರೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಅದೇ ವಾರ ಜಿಪಿಗೋ ಡೆಂಟಿಸ್ಟಿಗೋ ತೋರಿಸಿ. ಗುಟ್ಕಾ ತಿನ್ನುವ ವಿಷಯ ಮುಚ್ಚಿಡಬೇಡಿ, ಇಲ್ಲಿನ ಎಷ್ಟೋ ಡಾಕ್ಟರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ, ನೀವೇ ಬಿಡಿಸಿ ಹೇಳಬೇಕು.

ಚರ್ಮದ ಪಿಡಿಟಿ ಅಂದರೆ ಅರ್ಧ ದಿನದ ಕೆಲಸ. ನರ್ಸ್ ಮೇಲಿನ ಹಕ್ಕಳೆಯನ್ನು ಮೆಲ್ಲಗೆ ಕೆರೆದು, ಕ್ರೀಮ್ ಹಚ್ಚಿ, ಬೆಳಕು ಬೀಳದ ಹಾಗೆ ಪಟ್ಟಿ ಹಾಕುತ್ತಾರೆ. ಸುಮಾರು 3 ತಾಸು ಕಾಯಬೇಕು, ಬುತ್ತಿ ಕಟ್ಟಿಕೊಂಡು ಹೋಗಿ. ಆಮೇಲೆ ಕಣ್ಣಿಗೆ ಕನ್ನಡಕ ಹಾಕಿ ಕೆಂಪು ದೀಪದ ಕೆಳಗೆ ಹತ್ತು ನಿಮಿಷದ ಆಸುಪಾಸು. ಚುರುಚುರು ಉರಿಯುತ್ತದೆ, ಕೆಲವರಿಗೆ ತಡೆಯಲಾರದಷ್ಟು. ಫ್ಯಾನ್ ಹಾಕುತ್ತಾರೆ, ತಣ್ಣೀರು ಸಿಂಪಡಿಸುತ್ತಾರೆ, ಸ್ವಲ್ಪ ನಿಲ್ಲಿಸಿ ಅಂದರೆ ನಿಲ್ಲಿಸುತ್ತಾರೆ. ಹಲ್ಲು ಕಚ್ಚಿ ತಡೆದುಕೊಳ್ಳುವ ಅಗತ್ಯ ಇಲ್ಲ, ಬಾಯಿ ಬಿಟ್ಟು ಹೇಳಿ. ಬೇಸಲ್ ಸೆಲ್ ಆದರೆ ಸಾಮಾನ್ಯವಾಗಿ ವಾರ ಬಿಟ್ಟು ಇನ್ನೊಮ್ಮೆ. ನಮ್ಮಂಥ ಕಂದು ಚರ್ಮದ ಮೇಲೆ ಆ ಜಾಗ ಸ್ವಲ್ಪ ಕಾಲ ಕಪ್ಪಾಗಿಯೋ ಬೆಳ್ಳಗೋ ಉಳಿಯಬಹುದು.

ರಕ್ತನಾಳಕ್ಕೆ ಕೊಡುವ ಔಷಧದ ಲೆಕ್ಕವೇ ಬೇರೆ. ಪೋರ್ಫಿಮರ್ ಅನ್ನುವ ಅಂಥ ಔಷಧ ತಗೊಂಡರೆ ಕನಿಷ್ಠ 30 ದಿನ ಬಿಸಿಲು, ಪ್ರಖರ ದೀಪ, ಡೆಂಟಿಸ್ಟ್ ಲೈಟು ಯಾವುದೂ ಕೂಡದು. ಸನ್‌ಸ್ಕ್ರೀನ್ ಇಲ್ಲಿ ಕೆಲಸಕ್ಕೆ ಬಾರದು, ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಬೆಳಕೇ. ಹಾಗಂತ ಕತ್ತಲೆ ಕೋಣೆಯಲ್ಲೂ ಇರಬಾರದು, ಮನೆಯೊಳಗಿನ ಸಾಧಾರಣ ಬೆಳಕಿನಲ್ಲಿ ಮೈಯಲ್ಲಿರುವ ಔಷಧ ನಿಧಾನಕ್ಕೆ ಕರಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗದಗಿಗೋ ಹಾವೇರಿಗೋ ಮದುವೆಗೆ ಟಿಕೆಟ್ ಮಾಡಿಸಿದ್ದರೆ ದಯವಿಟ್ಟು ಮುಂದಕ್ಕೆ ಹಾಕಿ.

ದುಡ್ಡಿನ ವಿಷಯ. ವೀಸಾ ಅರ್ಜಿಯ ಜೊತೆ ಹೆಲ್ತ್ ಸರ್ಚಾರ್ಜ್ (ಆರೋಗ್ಯ ಸೇವೆಗೆ ಮೊದಲೇ ಕಟ್ಟುವ ಶುಲ್ಕ) ಕಟ್ಟಿದವರಿಗೆ ಆಸ್ಪತ್ರೆಯ ಚಿಕಿತ್ಸೆ ಉಚಿತ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಎಫ್‌ಪಿ92ಎ ಫಾರ್ಮ್ ತುಂಬಿ ಜಿಪಿಯಿಂದ ಸಹಿ ಮಾಡಿಸಿದರೆ ಮಾತ್ರೆಗೂ ದುಡ್ಡಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅವ್ವ-ಅಪ್ಪನ ಕಥೆ ಹಾಗಲ್ಲ. ಅವರಿಗೆ ಜಿಪಿ ನೋಡುವುದು ಉಚಿತ, ಆದರೆ ಆಸ್ಪತ್ರೆಯ ಖರ್ಚು ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು, ಅರ್ಜೆಂಟ್ ಅಲ್ಲದಿದ್ದರೆ ಮೊದಲೇ ಕಟ್ಟಬೇಕು. 500 ಪೌಂಡಿಗಿಂತ ಹೆಚ್ಚು ಬಾಕಿ ಉಳಿದರೆ ಮುಂದಿನ ವೀಸಾಕ್ಕೂ ತೊಡಕಾಗಬಹುದು. ಅವರಿಗೆ ಇಂಗ್ಲಿಷ್ ಬಾರದಿದ್ದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.