ಅಕ್ವೇರಿಯಂ ನೀರಿನಲ್ಲಿ ಕರೆಂಟ್: ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಬಗೆ

ಟ್ಯಾಂಕ್‌ಗೆ ಕೈ ಹಾಕಿದಾಗ ಬೆರಳು ಜುಮ್ಮೆಂದರೆ ಇನ್ನೊಮ್ಮೆ ಕೈ ಹಾಕಿ ಖಾತ್ರಿ ಮಾಡಿಕೊಳ್ಳಲು ಹೋಗಬೇಡಿ. ಮೊದಲು ಆ ಲೈನಿನ ಎಂಸಿಬಿ (ಕರೆಂಟ್ ಹೆಚ್ಚು ಹರಿದರೆ ತಾನೇ ಬೀಳುವ ಬ್ರೇಕರ್ ಸ್ವಿಚ್) ಇಳಿಸಿ, ಆಮೇಲೆ ಒಣಗಿದ ಕೈಯಲ್ಲಿ ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮುಂಬಯಿಯ ಹಳೆ ಕಟ್ಟಡಗಳಲ್ಲಿ ಕೆಲವೆಡೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ. ಅಂಥ ಬೋರ್ಡಿನಲ್ಲಿ ಫಿಲ್ಟರ್ ನಿಂತ ಮೇಲೂ ಅದರೊಳಗೆ 230 ವೋಲ್ಟ್ ಹಾಗೇ ಇರುತ್ತದೆ.

ಕಾಲಲ್ಲಿ ಚಪ್ಪಲಿ ಇದ್ದರೆ, ನೆಲ ಒಣಗಿದ್ದರೆ ಜುಮ್ಮೆನ್ನುವುದು ಗೊತ್ತೇ ಆಗದೆ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಿಗಾಲಲ್ಲಿ ಒದ್ದೆ ಟೈಲ್ಸ್ ಮೇಲೆ ನಿಂತು, ಬೆರಳಿನ ಸಣ್ಣ ಗಾಯ ನೀರಿಗೆ ತಾಕಿದಾಗಲೇ ಇದು ಹೆಚ್ಚಾಗಿ ಬಯಲಾಗುವುದು. ಹಾಗಾಗಿ "ನನಗೆ ಏನೂ ಆಗಲಿಲ್ಲ" ಎಂದು ಮನೆಯವರೊಬ್ಬರು ಹೇಳಿದ್ದನ್ನು ಪರೀಕ್ಷೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಬೇಕಾಗುವ ಸಾಮಾನು ನಾಲ್ಕೇ: ಡಿಜಿಟಲ್ ಮಲ್ಟಿಮೀಟರ್, 47 ಕಿಲೋಓಮ್‌ನ 2 ವಾಟ್ ರೆಸಿಸ್ಟರ್, ಒಂದು ಮೂರು ಪಿನ್ನಿನ ಪ್ಲಗ್, ಒಂದು ಮೀಟರ್ ಹಸಿರು ವಯರ್. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋದರೆ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಪ್ಲಗ್ ಬಿಚ್ಚಿ ಹಸಿರು ವಯರನ್ನು ಮೇಲಿನ ದಪ್ಪ ಅರ್ಥ್ ಪಿನ್ನಿಗೆ ಮಾತ್ರ ಬಿಗಿಯಿರಿ. ಉಳಿದ ಎರಡು ಪಿನ್‌ಗಳಿಗೆ ಏನೂ ಬೇಡ. ಮೀಟರಿನ ಕಪ್ಪು ಕಡ್ಡಿಗೆ ಅರ್ಥ್ ಕೊಡುವ ಸುರಕ್ಷಿತ ದಾರಿ ಇದು. ನಿಯಾನ್ ದೀಪದ ಟೆಸ್ಟರನ್ನು ನೀರಿಗೆ ಅದ್ದುವ ಅಭ್ಯಾಸ ಬಿಡಿ. ನಿರುಪದ್ರವಿ ವೋಲ್ಟೇಜಿಗೂ ಅದು ಉರಿಯುತ್ತದೆ, ಉರಿಯಲು ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಟ್ಯಾಂಕ್ ಆಮೇಲೆ, ಮೊದಲು ಸಾಕೆಟ್. ಎಂಸಿಬಿ ಮತ್ತೆ ಏರಿಸಿ, ಮೀಟರನ್ನು ಎಸಿ 600 ಅಥವಾ 750 ವೋಲ್ಟ್‌ಗೆ ತಿರುಗಿಸಿ. ಅರ್ಥ್ ತೂತು ಮೇಲಿದ್ದಾಗ ನಿಮ್ಮ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಫೇಸ್–ನ್ಯೂಟ್ರಲ್ ನಡುವೆ ಸುಮಾರು 230, ಫೇಸ್–ಅರ್ಥ್ ನಡುವೆ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಮುಂದುವರಿಯಿರಿ. ಫೇಸ್–ಅರ್ಥ್ ನಡುವೆ 90, 120 ಎಂಬಂಥ ಅರೆಬರೆ ಅಂಕಿ ಬಂದರೆ ಅರ್ಥ್ ತಂತಿ ಎಲ್ಲೋ ಕಡಿದಿದೆ, ಇಲ್ಲವೇ ಎಳೆದೇ ಇಲ್ಲ. ಚಾಳ್‌ಗಳಲ್ಲಿ, ಮಾಟುಂಗಾ, ಗಿರಗಾಂವ್ ಕಡೆಯ ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್‌ಗೆ ಎರಡೇ ತಂತಿ ಬಂದಿರುವುದು ಅಪರೂಪವಲ್ಲ. ಇಲ್ಲಿ ವಯರ್‌ಮನ್‌ಗೆ ಬರೀ "ಅರ್ಥಿಂಗ್ ಚೆಕ್ ಕರಾ" ಎಂದರೆ ಟೆಸ್ಟರ್ ತೂರಿಸಿ ಹೋಗುತ್ತಾರೆ. ಮೀಟರ್ ರೂಮಿನಿಂದ ಅರ್ಥ್ ತಂತಿ ನಿಮ್ಮ ಮನೆಯ ಡಿಬಿ ಬಾಕ್ಸ್‌ವರೆಗೆ (ಎಂಸಿಬಿಗಳಿರುವ ಪೆಟ್ಟಿಗೆ) ಬಂದಿದೆಯೇ ಎಂದು ಬಿಚ್ಚಿ ತೋರಿಸಲು ಹೇಳಿ. ಅರ್ಥ್ ಸರಿಯಿಲ್ಲದೆ ನೀರನ್ನು ಅಳೆದು ಬಂದ ಅಂಕಿಗೆ ಅರ್ಥವಿಲ್ಲ.

ಈಗ ಟ್ಯಾಂಕ್. ಉಪಕರಣಗಳ ಪ್ಲಗ್ ಎಲ್ಲ ಕಿತ್ತಿರುವಾಗಲೇ ಹಸಿರು ವಯರಿನ ಪ್ಲಗ್ ಸಾಕೆಟ್‌ಗೆ ಹಾಕಿ, ಅದರ ತುದಿಯನ್ನು ಕಪ್ಪು ಕಡ್ಡಿಗೆ ಕಚ್ಚಿಸಿ, ಕೆಂಪು ಕಡ್ಡಿಯ ತುದಿ ನೀರಿನಲ್ಲಿ ಮುಳುಗುವಂತೆ ಟ್ಯಾಂಕ್ ಅಂಚಿಗೆ ಕ್ಲಿಪ್ ಮಾಡಿ. ಕೈ ತೆಗೆದ ಮೇಲೆ ಪ್ಲಗ್ ಹಾಕಿ ಎಲ್ಲವನ್ನೂ ಆನ್ ಮಾಡಿ. 40 ಅಥವಾ 60 ವೋಲ್ಟ್ ಕಂಡರೆ ಗಾಬರಿ ಬೇಡ. ಫಿಲ್ಟರ್ ಮೋಟರಿನ ಸುರುಳಿ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿದ್ದರೂ ಎಸಿ ಕರೆಂಟಿನ ಪ್ರಭಾವ ನೀರಿಗೆ ಸ್ವಲ್ಪ ಹಾಯುತ್ತದೆ. ಆ ವೋಲ್ಟೇಜಿನ ಹಿಂದೆ ಕರೆಂಟ್ ಇರುವುದೇ ಇಲ್ಲ ಎನ್ನಬಹುದು. 10 ಮೆಗಾಓಮ್ ಒಳತಡೆಯ ಒಳ್ಳೆ ಮೀಟರ್ ಅದನ್ನು ದೊಡ್ಡದಾಗಿ ತೋರಿಸುತ್ತದೆ. ಅಗ್ಗದ ಹಳದಿ ಮೀಟರ್ ಅದೇ ನೀರಿನಲ್ಲಿ ತೀರಾ ಕಡಿಮೆ ತೋರಿಸುತ್ತದೆ. ಇಬ್ಬರು ತಮ್ಮ ತಮ್ಮ ಟ್ಯಾಂಕಿನ ಅಂಕಿ ಹೋಲಿಸಿಕೊಂಡು ಜಗಳವಾಡುವುದು ಇದೇ ಕಾರಣಕ್ಕೆ.

ಪ್ರಭಾವದ ವೋಲ್ಟೇಜೋ ನಿಜವಾದ ಸೋರಿಕೆಯೋ ಎಂದು ಬೇರ್ಪಡಿಸಲು ಆ ರೆಸಿಸ್ಟರ್ ಬೇಕು. ಉಪಕರಣಗಳ ಪ್ಲಗ್ ಎಲ್ಲ ಮತ್ತೆ ಕಿತ್ತು ರೆಸಿಸ್ಟರನ್ನು ಕೆಂಪು, ಕಪ್ಪು ಕಡ್ಡಿಗಳ ನಡುವೆ ಸೇರಿಸಿ. ಬರಿ ತಂತಿ ಹೊರಗೆ ಕಾಣದಂತೆ ಇನ್ಸುಲೇಶನ್ ಟೇಪ್ ಸುತ್ತಿ, ರೆಸಿಸ್ಟರ್ ನೀರಿನಿಂದ ಆಚೆಯೇ ಇರಲಿ. ಮತ್ತೆ ಪ್ಲಗ್ ಹಾಕಿ ಆನ್ ಮಾಡಿದಾಗ ಅಂಕಿ ಧಡಕ್ಕನೆ ಇಳಿದು ಒಂದೆರಡು ವೋಲ್ಟ್‌ಗೆ ಬಂದರೆ ಅದು ಬರೀ ಪ್ರಭಾವ. ಇಳಿಯದೆ ನಿಂತರೆ ಸೋರಿಕೆ. ಲೆಕ್ಕ ಸುಲಭ: 47 ವೋಲ್ಟ್ ಉಳಿದರೆ ಒಂದು ಮಿಲಿಆಂಪಿಯರ್ ಹರಿಯುತ್ತಿದೆ, ಕೈಗೆ ಜುಮ್ಮೆನ್ನಲು ಅಷ್ಟು ಸಾಕು. 10 ವೋಲ್ಟ್‌ಗಿಂತ ಹೆಚ್ಚು ಉಳಿದರೆ ಹುಡುಕುವ ಕೆಲಸ ಶುರು ಮಾಡಿ.

ಎಲ್ಲ ಪ್ಲಗ್ ಕಿತ್ತು ಒಂದೊಂದನ್ನೇ ಹಾಕುತ್ತಾ ಬನ್ನಿ. ಹೀಟರ್ ಹಾಕಿದಾಗ ಅದರ ಕೆಂಪು ದೀಪ ಉರಿಯುವವರೆಗೆ ಕಾಯಿರಿ. ಕೆಲವು ಹೀಟರ್‌ಗಳು ಕಾಯ್ದಾಗ ಮಾತ್ರ ಸೋರುತ್ತವೆ. ಎರಡು ಪಿನ್ನಿನ ಪ್ಲಗ್ ಇದ್ದರೆ ತಿರುವಿ ಹಾಕಿ ಮತ್ತೊಮ್ಮೆ ನೋಡಿ. ಟ್ಯಾಂಕ್ ಮೇಲಿನ ಎಲ್ಇಡಿ ಪಟ್ಟಿಯನ್ನು ಮರೆಯಬೇಡಿ. ಅದರ ಅಲ್ಯೂಮಿನಿಯಂ ಕವಚದೊಳಗೆ ಆವಿ ಸೇರಿದರೆ ಅದೂ ಕಳ್ಳನೇ. ಸಿಹಿನೀರಿನ ಟ್ಯಾಂಕ್‌ನಲ್ಲಿ ಕಡ್ಡಿಯನ್ನು ದೋಷವಿರುವ ಉಪಕರಣದ ಹತ್ತಿರ ಒಯ್ದಂತೆ ಅಂಕಿ ಏರುವುದುಂಟು. ಉಪ್ಪುನೀರು ಕರೆಂಟನ್ನು ಎಷ್ಟೋ ಪಟ್ಟು ಸಲೀಸಾಗಿ ಒಯ್ಯುವುದರಿಂದ ಅಲ್ಲಿ ಎಲ್ಲ ಮೂಲೆಯಲ್ಲೂ ಒಂದೇ ತೋರಿಸುತ್ತದೆ.

ಹತ್ತರಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಗಾಜಿನ ಹೀಟರ್. ನೀರು ಬದಲಿಸುವಾಗ ಆಫ್ ಮಾಡಲು ಮರೆತು, ಬಿಸಿ ಗಾಜು ಗಾಳಿಗೆ ತೆರೆದು, ಮೇಲಿಂದ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಕರಿ ರಬ್ಬರ್ ಮುಚ್ಚಳದ ಕೆಳಗೆ ಕೂದಲೆಳೆಯ ಗೆರೆ, ಗಾಜಿನ ಒಳಮೈಯಲ್ಲಿ ಬೆವರಿನಂಥ ಹನಿ ಅಥವಾ ಬಿಳಿ ಹುಡಿ ಕಂಡರೆ ಮುಗಿಯಿತು. ಕಣ್ಣಿಗೆ ಕಾಣದ್ದನ್ನು ಹಿಡಿಯಲು, ಪ್ಲಗ್ ಹಾಕದೆಯೇ ಹೀಟರನ್ನು ಒಂದು ಚಿಟಿಕೆ ಉಪ್ಪು ಹಾಕಿದ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ರೆಗ್ಯುಲೇಟರ್ ಗೆರೆ ದಾಟಿ ಮುಳುಗಿಸಬೇಡಿ. ಮೀಟರನ್ನು 20 ಮೆಗಾಓಮ್ ಅಳತೆಗೆ ಇಟ್ಟು, ಒಂದು ಕಡ್ಡಿ ನೀರಿನಲ್ಲಿ, ಇನ್ನೊಂದು ಪ್ಲಗ್ಗಿನ ಪಿನ್ನಿನ ಮೇಲೆ. ಎರಡೂ ಪಿನ್ ನೋಡಿ, ಏಕೆಂದರೆ ಥರ್ಮೋಸ್ಟಾಟ್ ಬಿಟ್ಟುಕೊಂಡಿದ್ದರೆ ಸುರುಳಿ ಒಂದೇ ಪಿನ್ನಿಗೆ ಸೇರಿರುತ್ತದೆ. ಯಾವ ಅಂಕಿಯೂ ಬರಬಾರದು. ಬಂದರೆ ಎಂ-ಸೀಲ್ ಮೆತ್ತಿ ರಿಪೇರಿ ಮಾಡುವ ಬುದ್ಧಿ ಬೇಡ, ವಯರ್ ಕತ್ತರಿಸಿ ಎಸೆಯಿರಿ. ಅಸಲಿಗೆ ಗೋವಾದಲ್ಲಿ, ಮುಂಬಯಿಯಲ್ಲೂ, ಗಪ್ಪಿ, ಗೋಲ್ಡ್‌ಫಿಶ್ ಸಾಕುವವರಿಗೆ ಹೀಟರಿನ ದರಕಾರೇ ಇಲ್ಲ. ಡಿಸೆಂಬರ್, ಜನವರಿಯ ರಾತ್ರಿ ಚಳಿ ಇಳಿಯುವ ಪುಣೆಯ ಮಾತು ಬೇರೆ.

ಪವರ್‌ಹೆಡ್ (ನೀರಿನೊಳಗೇ ಮುಳುಗಿರುವ ಪಂಪ್) ಆದರೆ ವಯರ್ ಒಳಹೋಗುವ ಜಾಗ ನೋಡಿ. ಅಲ್ಲಿ ಉಬ್ಬಿದ್ದರೆ, ಅಂಟು ಸೀಳಿದ್ದರೆ ನೀರು ಸುರುಳಿಗೆ ತಲುಪಿದೆ. ಒಂದೂ ಸಿಗದಿದ್ದರೆ ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿ. ಕಡಲ ಗಾಳಿಗೆ ಹಿತ್ತಾಳೆ ಪಿನ್‌ಗಳ ಮೇಲೆ ಹಸಿರು ಕಿಲುಬು, ಉಪ್ಪುನೀರಿನ ಟ್ಯಾಂಕ್ ಆದರೆ ವಯರ್ ಗುಂಟ ತೆವಳಿ ಬಂದ ಬಿಳಿ ಉಪ್ಪು ಸಿಗುತ್ತದೆ. ಬೋರ್ಡನ್ನು ನೆಲದಿಂದ ಎತ್ತಿ, ಟ್ಯಾಂಕ್‌ನ ಪಕ್ಕದ ಗೋಡೆಗೆ ಹೊಡೆಯಿರಿ. ಪ್ರತಿ ವಯರೂ ಸಾಕೆಟ್‌ಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ.

ಮೀನಿಗೆ ಏನಾಗುತ್ತದೆ? ಅರ್ಥ್‌ಗೆ ದಾರಿಯಿಲ್ಲದ ನೀರಿನಲ್ಲಿ ಅದು ತಂತಿಯ ಮೇಲೆ ಕೂತ ಕಾಗೆಯಂತೆ ಆರಾಮಾಗಿರಬಹುದು. ಮೀನು ಮಂಕಾದ ತಕ್ಷಣ ಕರೆಂಟಿನ ಮೇಲೆ ಗೂಬೆ ಕೂರಿಸುವ ಮೊದಲು ಅಮೋನಿಯಾ ಪರೀಕ್ಷಿಸಿ.

ಇದಕ್ಕೇ ನೀರನ್ನು ಅರ್ಥ್‌ಗೆ ಜೋಡಿಸುವ ಟೈಟಾನಿಯಂ ಗ್ರೌಂಡಿಂಗ್ ಕಡ್ಡಿಯ ವಿಷಯದಲ್ಲಿ ಆತುರ ಬೇಡ. ಸೋರುವ ಹೀಟರ್ ಇರುವ ಟ್ಯಾಂಕ್‌ಗೆ ಅದನ್ನು ಇಳಿಸಿದರೆ ಕರೆಂಟಿಗೆ ನೀರಿನ ಮೂಲಕ ನೇರ ದಾರಿ ಸಿಗುತ್ತದೆ. 16 ಆಂಪಿಯರ್ ಎಂಸಿಬಿಗೆ ಒಂದೆರಡು ಆಂಪಿಯರ್ ಹರಿದದ್ದು ಗೊತ್ತೇ ಆಗುವುದಿಲ್ಲ. ಕಟ್ಟಡದ ಅರ್ಥ್ ಕೆಟ್ಟಿದ್ದರಂತೂ ಪಕ್ಕದ ಮನೆಯ ಗೀಸರ್ ಸೋರಿಕೆ ನಿಮ್ಮ ಟ್ಯಾಂಕ್‌ಗೆ ಬರುತ್ತದೆ. ಮೊದಲು ದೋಷ ತೆಗೆಯಿರಿ, ಆಮೇಲೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಲೈನ್ ಕಡಿಯುವ ಸ್ವಿಚ್), ಕೊನೆಗೆ ಬೇಕಿದ್ದರೆ ಕಡ್ಡಿ. ದುಡ್ಡು ಒಂದಕ್ಕೇ ಇದ್ದರೆ ಆರ್‌ಸಿಸಿಬಿ. ಕಡ್ಡಿಯ ಬದಲು ತಾಮ್ರದ ತಂತಿ ಇಳಿಬಿಟ್ಟರೆ ಸಿಗಡಿ, ಬಸವನಹುಳು ಸಾಯುತ್ತವೆ.

ಆರ್‌ಸಿಸಿಬಿ ಹಾಕಿದ ದಿನವೇ ಟ್ರಿಪ್ ಆಗತೊಡಗಿದರೆ ಅದನ್ನು ಬೈಪಾಸ್ ಮಾಡಲು ಬಿಡಬೇಡಿ. ಹಳೆ ವಯರಿಂಗ್‌ನಲ್ಲಿ ಎರಡು ಲೈನ್‌ಗಳ ನ್ಯೂಟ್ರಲ್ ಒಂದೇ ಕಡೆ ಕಟ್ಟಿರುವುದರಿಂದ ಹಾಗಾಗುವುದುಂಟು. ಹಾಗಿದ್ದರೆ ಟ್ಯಾಂಕ್ ಲೈನಿನ ನ್ಯೂಟ್ರಲ್ ಬೇರ್ಪಡಿಸಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಲೈನ್ ಆರ್‌ಸಿಸಿಬಿಯ ಮೂಲಕ ಬರದೆ ಅದನ್ನು ಬಿಟ್ಟು ಹೋಗಿದೆಯೇ ನೋಡಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಫ್ರಿಜ್ ಜೊತೆ ಟ್ಯಾಂಕನ್ನು ಒಂದೇ ಆರ್‌ಸಿಸಿಬಿಗೆ ಕಟ್ಟಬೇಡಿ: ಮೇ ರಜೆಯಲ್ಲಿ ನೀವು ಊರಿಗೆ ಹೋದಾಗ ಫ್ರಿಜ್ಜಿನ ದೋಷಕ್ಕೆ ಅದು ಬಿದ್ದರೆ ಫಿಲ್ಟರ್ ನಿಂತು ಮೀನು ಉಸಿರುಕಟ್ಟಿ ಸಾಯುತ್ತವೆ. ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಒಂದನ್ನು ಜೊತೆಗಿಡಿ.