ಪೆಟ್ಟಿಗೆಯ ವ್ಯಾಟ್, ಫ್ಯೂಸಿನ ವ್ಯಾಟ್

ಶ್ರೀರಂಗಪಟ್ಟಣ ದಾಟುವಾಗ ಕಾರಿನೊಳಗೆ ವಾರ್ನಿಷ್ ಸುಟ್ಟ ವಾಸನೆ ಬಂತು. ಡಿಕ್ಕಿ ತೆಗೆದು ನೋಡಿದೆ. ಕೊಂಡು ತಿಂಗಳೂ ತುಂಬದ ಹನ್ನೆರಡು ಇಂಚಿನ ಸಬ್‌ವೂಫರ್, ಅಂದರೆ ಬಾಸ್ ಸದ್ದಿನ ಸ್ಪೀಕರ್, ಉಸಿರು ನಿಲ್ಲಿಸಿತ್ತು.

ಪೆಟ್ಟಿಗೆಗಳ ಮೇಲೆ ಬರೆದಂತೆ ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರ್ 1500 ವ್ಯಾಟ್, ಸಬ್‌ವೂಫರ್ 1200. ಶಕ್ತಿ ಹೆಚ್ಚಾಗಿ ಸುಟ್ಟಿದೆ ಎಂದರು ಅಂಗಡಿಯವರು. ನಾನು ನಂಬಿದೆ. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನನ್ನ ಸೋದರಮಾವ ನಂಬಲಿಲ್ಲ. ಆಂಪ್ಲಿಫೈಯರನ್ನು ಮಗುಚಿ ಫ್ಯೂಸ್ ನೋಡಿದರು.

‘ಮೂವತ್ತು ಆಂಪಿಯರ್. ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್. ಗುಣಿಸು ನೋಡೋಣ.’

420. ಒಳಗೆ ಹೋಗುವುದೇ ಅಷ್ಟು. ಎಬಿ ದರ್ಜೆಯ ಆಂಪ್ಲಿಫೈಯರ್ ಅದರಲ್ಲಿ ಅರ್ಧದ ಹತ್ತಿರ ಬಿಸಿಯಾಗಿಯೇ ಕಳೆಯುತ್ತದೆ. ಇನ್ನು 1500 ಎಲ್ಲಿಂದ ಬರಬೇಕು! ಸಬ್‌ವೂಫರಿನ 1200 ಕೂಡ ಕ್ಷಣಮಾತ್ರ ತಡೆಯುವ ಲೆಕ್ಕ. ಸತತವಾಗಿ ತಾಳುವ ಆರ್‌ಎಂಎಸ್ 300 ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು.

ಹಾಗಾದರೆ ಇನ್ನೂರು ಚಿಲ್ಲರೆ ವ್ಯಾಟ್ 300 ತಾಳುವ ಸಬ್‌ವೂಫರಿನ ಕಾಯಿಲನ್ನು, ಅಂದರೆ ಒಳಗಿನ ತಂತಿಸುರುಳಿಯನ್ನು, ಸುಟ್ಟದ್ದು ಹೇಗೆ? ತಪ್ಪು ನನ್ನದೇ. ಸದ್ದು ಸಾಲದೆಂದು ಆಂಪ್ಲಿಫೈಯರಿನ ಗೇನ್ ತಿರುಪನ್ನು (ಒಳಬರುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಇಡುವುದು) ಕೊನೆಯವರೆಗೆ ತಿರುಗಿಸಿ, ಬಾಸ್ ಬೂಸ್ಟನ್ನೂ ಏರಿಸಿದ್ದೆ. ಕೊಡಲಾಗದ್ದನ್ನು ಕೇಳಿದಾಗ ಆಂಪ್ಲಿಫೈಯರ್ ಸಂಕೇತದ ಅಲೆಯ ತಲೆಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಪೂರ್ತಿ ಚೌಕವಾದ ಅಲೆಯಲ್ಲಿ ಅಷ್ಟೇ ಎತ್ತರದ ಶುದ್ಧ ಅಲೆಯ ಎರಡರಷ್ಟು ಶಕ್ತಿ ಇರುತ್ತದೆ. ಗಂಟೆಗಟ್ಟಲೆ ಅದನ್ನೇ ಉಣಿಸಿದ್ದೆ.

ಎರಡನೆಯ ಸಲ ಪೆಟ್ಟಿಗೆಯ ಕಡೆ ನೋಡಲಿಲ್ಲ. ಸಬ್‌ವೂಫರ್ ಮತ್ತೆ 300 ಆರ್‌ಎಂಎಸ್, ನಾಲ್ಕು ಓಮ್ ವಿದ್ಯುತ್ ತಡೆಯ ಎರಡು ಕಾಯಿಲ್. ಅವನ್ನು ಸಮಾಂತರವಾಗಿ ಜೋಡಿಸಿದರೆ ಎರಡು ಓಮ್. ಸರಣಿಯಲ್ಲಾದರೆ ಎಂಟು, ಆಗ ಶಕ್ತಿ ಬಹಳ ಇಳಿಯುತ್ತದೆ. ಆದ್ದರಿಂದ ಎರಡು ಓಮಿಗೆ 350 ಆರ್‌ಎಂಎಸ್ ಕೊಡುವ ಮಾನೋ, ಅಂದರೆ ಒಂದೇ ಚಾನೆಲ್ಲಿನ, ಆಂಪ್ಲಿಫೈಯರ್ ಆರಿಸಿದೆ; ಡಿ ದರ್ಜೆಯದು, ಬಿಸಿಯಾಗಿ ಕಳೆಯುವುದು ಕಡಿಮೆ. ಫ್ಯೂಸ್ 40 ಆಂಪಿಯರ್, ಲೆಕ್ಕ ಒಪ್ಪಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಕಿತ್ತು ಅಪ್ಪಟ ತಾಮ್ರದ್ದು ಎಳೆದೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್.

ಗೇನನ್ನು ಈ ಸಲ ಕಿವಿಗೆ ಬಿಡಲಿಲ್ಲ. 300 ವ್ಯಾಟನ್ನು 2 ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಆಂಪ್ಲಿಫೈಯರ್ ಕೊಡಬೇಕಾದ್ದು ಸುಮಾರು 24.5 ವೋಲ್ಟ್. ಸಬ್‌ವೂಫರ್ ಕಳಚಿ, ಬೂಸ್ಟ್ ಸೊನ್ನೆಗಿಳಿಸಿ, ಸ್ಟೀರಿಯೊ ಧ್ವನಿಯನ್ನು ಮುಕ್ಕಾಲಿಗಿಟ್ಟು 50 ಹರ್ಟ್ಸ್‌ನ ಸ್ವರ ಹಾಕಿದೆ. ಮಾವ ಎಸಿ ವೋಲ್ಟಿಗಿಟ್ಟ ಮಲ್ಟಿಮೀಟರನ್ನು ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿದಿದ್ದರು. ತಿರುಪು ಅರ್ಧಕ್ಕೂ ಬಂದಿರಲಿಲ್ಲ, ‘ಸಾಕು’ ಎಂದರು.

ಮೊನ್ನೆ ಮೈಸೂರಿಗೆ ಹೋಗಿ ಬಂದೆ. ಕಾಯಿಲ್ ತಣ್ಣಗಿದೆ. ಹಿಂದಿನ ನಂಬರ್ ಪ್ಲೇಟ್ ಮಾತ್ರ ಗಡಗಡ ಎನ್ನುತ್ತಿದೆ, ಅದರ ಹಿಂದೆ ಫೋಮ್ ಅಂಟಿಸಬೇಕು.