ಎಂಟು ಮನೆಯ ನಕ್ಷೆ, ಐದು ಮನೆಯ ಗಿರಣಿ

ಯಂತ್ರಗಳನ್ನು ತಿರುಗಿಸುತ್ತಿದ್ದ ಶಾಫ್ಟ್ ಕತ್ತರಿಸಲು ಬಂದವನು ಗ್ಯಾಸ್ ಕಟರ್ ಹೊತ್ತಿಸಲೆಂದು ಬೆಂಕಿಪೊಟ್ಟಣ ತೆಗೆದಾಗ ನಾನು ಕೂಗಿದ ಕೂಗಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಆ ಹಿಟ್ಟಿನ ಗಿರಣಿಯನ್ನು ವಾಸದ ಮನೆಗಳಾಗಿ ಮಾರ್ಪಡಿಸುವ ಕೆಲಸ ನನ್ನದಾಗಿತ್ತು. ಗಿರಣಿ ನಿಂತು ಎಷ್ಟೋ ವರ್ಷಗಳಾಗಿದ್ದವು. ಆದರೂ ತೊಲೆಗಳ ಮೇಲೆ, ಪುಲ್ಲಿಗಳ ಸಂದಿಯಲ್ಲಿ, ಧಾನ್ಯ ಸುರಿಯುವ ಹಾಪರಿನ ಒಳಮೈಯಲ್ಲಿ ಹಿಟ್ಟಿನ ದೂಳು ಬೆರಳು ದಪ್ಪಕ್ಕೆ ಕೂತಿತ್ತು. ಬಿದ್ದಲ್ಲೇ ಬಿದ್ದಿರುವಷ್ಟು ಹೊತ್ತು ಹಿಟ್ಟು ಬರಿಯ ಹಿಟ್ಟು. ಮುಚ್ಚಿದ ಕೋಣೆಯಲ್ಲಿ ಅದು ಮೋಡದಂತೆ ಎದ್ದಾಗ ಒಂದು ಕಿಡಿ ತಗುಲಿದರೆ ಸಿಡಿಮದ್ದು. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ‘ಎ’ ಗಿರಣಿ ಹೀಗೆಯೇ ಸಿಡಿದು 18 ಮಂದಿ ಸತ್ತಿದ್ದರು. ಕಟರ್‌ನವನಿಗೆ ಇದನ್ನು ಹೇಳಿದೆ. ನಂಬಲಿಲ್ಲ, ಆದರೆ ಬೆಂಕಿಪೊಟ್ಟಣ ಜೇಬಿಗೆ ಸೇರಿತು.

ಪೊರಕೆ ಆಡಿಸಿದರೆ ಮೋಡ ಏಳುತ್ತದೆ. ಆದ್ದರಿಂದ ಒದ್ದೆ ಗೋಣಿಚೀಲದಲ್ಲಿ ಒರೆಸಿ, ಕೆರೆದು, ಬುಟ್ಟಿಗೆ ತುಂಬಿ ಹೊರಗೆ ಹಾಕಿದೆವು. ಒಂಬತ್ತು ದಿನ ಹಿಡಿಯಿತು. ಶಾಫ್ಟನ್ನು ಕೊನೆಗೆ ಕತ್ತರಿಸಲೇ ಇಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಮರುದಿನ ಸ್ಪ್ಯಾನರ್ ಹಾಕಿ ಬಿಚ್ಚಿ ಇಳಿಸಿದೆವು.

ಇಷ್ಟೆಲ್ಲ ಆಗುವ ಮೊದಲೇ ನಾನು ದೊಡ್ಡ ತಪ್ಪೊಂದನ್ನು ಮಾಡಿ ಮುಗಿಸಿದ್ದೆ. ಮಾಲೀಕರು ‘ಎಷ್ಟು ಮನೆ ಆಗಬಹುದು’ ಎಂದು ಕೇಳಿದ್ದರು. ಕಟ್ಟಡದ ಉದ್ದ 22 ಮೀಟರ್, ಅಗಲ 14, ಎರಡು ಅಂತಸ್ತು. ಒಂದು ಸಂಜೆ ಕೂತು ಅಂತಸ್ತಿಗೆ ನಾಲ್ಕರಂತೆ ಎಂಟು ಮನೆಗಳ ನಕ್ಷೆ ಎಳೆದುಕೊಟ್ಟೆ. ಕಾಗದದ ಮೇಲೆ ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ಹೆಮ್ಮೆಯಾಗಿತ್ತು. ಅಳತೆ ಟೇಪು ಹಿಡಿದು ಒಳಗೆ ನಿಂತ ದಿನ ಆ ಹೆಮ್ಮೆ ಇಳಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ನಡುಭಾಗದಲ್ಲಿ ಟೇಪಿನ ಅಂಕಿ ಓದಲು ಟಾರ್ಚ್ ಬೇಕಾಗಿತ್ತು.

ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಉಪಯೋಗಕ್ಕೆ ಬರುತ್ತದೆ. ಇಲ್ಲಿ ಆ ಎತ್ತರ 2.4 ಮೀಟರ್. ಎರಡೂ ಬದಿಯಿಂದ ಐದೈದು ಮೀಟರ್ ಬೆಳಕು ಬಂದರೂ ನಡುವೆ ನಾಲ್ಕು ಮೀಟರ್ ಅಗಲದ ಕತ್ತಲೆ ಉಳಿಯುತ್ತದೆ. ಬೆನ್ನಿಗೆ ಬೆನ್ನು ಹಚ್ಚಿದ ನನ್ನ ಎಂಟು ಮನೆಗಳಿಗೆ ಒಂದೇ ಬದಿಯಲ್ಲಿ ಕಿಟಕಿ. ಗಾಳಿ ಒಳಗೆ ಬಂದರೂ ಆಚೆ ಹೋಗಲು ದಾರಿಯಿಲ್ಲ. ಚೀಲಗಳಿಗೆ ಬೆಳಕು ಬೇಕಿರಲಿಲ್ಲ, ಮನುಷ್ಯರಿಗೆ ಬೇಕು. ಆ ಗೋಡೆಯಿಂದ ಈ ಗೋಡೆಯವರೆಗೆ ಚಾಚಿಕೊಳ್ಳುವ ಮನೆಗಳು ಅಂತಸ್ತಿಗೆ ಎರಡು, ಎಂಜಿನ್ ಕೋಣೆಯಲ್ಲಿ ಒಂದು, ಒಟ್ಟು ಐದು ಎಂದು ಹೊಸ ನಕ್ಷೆ ಮಾಡಿದೆ. ನಡುವಿನ ಕತ್ತಲೆಗೆ ಮೆಟ್ಟಿಲು, ಸ್ನಾನದ ಮನೆ, ಸಾಮಾನಿನ ಕೋಣೆಗಳನ್ನು ತಳ್ಳಿದೆ. ಮೂರು ಮನೆ ಕಡಿಮೆಯಾದುದಕ್ಕೆ ಮಾಲೀಕರು ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಅವರ ತಪ್ಪೇನೂ ಇಲ್ಲ. ಎಂಟು ಎಂದು ಆಸೆ ಹುಟ್ಟಿಸಿದವನು ನಾನು.

ಇನ್ನು ತೇವದ ಕಥೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಎರಡಡಿ ದಪ್ಪದ ಕಲ್ಲಿನ ಗೋಡೆಗಳು, ಸುಣ್ಣದ ಗಾರೆ. ಹಿಂದೆ ಯಾರೋ ತೇವ ತಡೆಯಲೆಂದು ಒಳಗೂ ಹೊರಗೂ ಎದೆಮಟ್ಟಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಸುಣ್ಣದ ಗಾರೆಯ ಗೋಡೆ ನೀರು ಹೀರುತ್ತದೆ, ಬಿಸಿಲು ಗಾಳಿಗೆ ಅದನ್ನು ಬಿಟ್ಟೂ ಕೊಡುತ್ತದೆ. ಎರಡೂ ಮೈಗೆ ಸಿಮೆಂಟ್ ಮೆತ್ತಿದರೆ ಬಿಟ್ಟುಕೊಡುವ ದಾರಿ ಮುಚ್ಚುತ್ತದೆ. ಆಗ ನೀರು ಮೇಲೆ ಹತ್ತುತ್ತದೆ. ಇಲ್ಲಿಯೂ ಹತ್ತಿತ್ತು: ಗಿಲಾವು ಮುಗಿದ ಗೆರೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿ, ಮುಟ್ಟಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು.

ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಿ ತೇವ ತಡೆಯುವುದು ನನ್ನ ಯೋಜನೆಯಾಗಿತ್ತು. ಮೇಸ್ತ್ರಿ ಒಂದು ದಿನ ಬಾಗಿಲಲ್ಲಿ ನಿಂತು, “ಸ್ವಾಮಿ, ಗಿರಣಿಗೆ ಮೂಟೆ ಹೊತ್ತು ಬರುವವನು ಮೆಟ್ಟಿಲು ಇಳಿದು ಒಳಗೆ ಬರುವ ಹಾಗೆ ಯಾರಾದರೂ ಕಟ್ಟುತ್ತಾರೆಯೇ?” ಎಂದರು. ನಾನು ನೂರು ಸಲ ಆ ಎರಡು ಮೆಟ್ಟಿಲು ಇಳಿದಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ. ಹೊರಗೆ ಅಗೆಸಿ ನೋಡಿದೆವು. ಹೊಟ್ಟು, ಬೂದಿ, ಒಡೆದ ಹೆಂಚು, ಮತ್ತೆ ಹೊಟ್ಟು. ದಶಕಗಳಿಂದ ಎಸೆದ ಕಸವೇ ನೆಲವಾಗಿ ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ಮೇಲೆದ್ದು ನಿಂತಿತ್ತು. ಸುರಿದ ಮಳೆಯೆಲ್ಲ ಗೋಡೆಯ ಬುಡಕ್ಕೇ ಹರಿಯುತ್ತಿತ್ತು. ಆ ಮಣ್ಣನ್ನು ತಳಪಾಯ ಬಯಲಾಗದಷ್ಟು ಎಚ್ಚರದಿಂದ ತೆಗೆಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, ಜಲ್ಲಿ ತುಂಬಿದ ಚರಂಡಿ ತೋಡಿಸಿದೆ. ಸಿಮೆಂಟ್ ಗಿಲಾವನ್ನು ಉಳಿ ಸುತ್ತಿಗೆಯಿಂದ ಬಿಡಿಸಿದೆವು. ರಾಸಾಯನಿಕದ ಡಬ್ಬಗಳು ಅಂಗಡಿಗೆ ವಾಪಸಾದವು.

ಆಮೇಲೆ ಕಾಯುವುದು. ಒಂದಿಂಚು ದಪ್ಪದ ಗೋಡೆ ಒಣಗಲು ಒಂದು ತಿಂಗಳು ಎಂಬುದು ಹಳೆಯ ಲೆಕ್ಕ. ಎರಡೂ ಮೈಯಿಂದ ಒಣಗಿದರೂ ನಮ್ಮ 24 ಇಂಚಿನ ಗೋಡೆಗೆ ಒಂದು ವರ್ಷ. ಅಷ್ಟು ಕಾಲ ಗೋಡೆ ಬೆತ್ತಲೆಯಾಗಿಯೇ ಇರಲಿ ಎಂದು ಒಪ್ಪಿಸುವುದು ಕಲ್ಲು ಒಡೆಯುವುದಕ್ಕಿಂತ ಕಷ್ಟ. ‘ಒಣಗಿದಂತಿದೆಯಲ್ಲ’ ಎಂದು ವಾರಕ್ಕೊಬ್ಬರು ಬಂದು ಕೈಯಿಟ್ಟು ನೋಡುತ್ತಿದ್ದರು. ಮೈ ಒಣಗಿರುತ್ತದೆ, ಒಡಲು ಒಣಗಿರುವುದಿಲ್ಲ. ಕೊನೆಗೆ ಬಳಿದದ್ದು ಸುಣ್ಣದ ಗಾರೆಯೇ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವಂಥದ್ದು. ಬೇಗ ಒಣಗದಂತೆ ದಿನವೂ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಬೇಕು.

ಆ ಒಂದು ವರ್ಷ ಸುಮ್ಮನೆ ಕೂರಲಿಲ್ಲ. ಮರದ ಕೆಲಸ ಅಷ್ಟೇ ಇತ್ತು. ತೊಲೆಗಳು ನೋಡಲು ಉಕ್ಕಿನಂತಿದ್ದವು. ಗೋಡೆಯೊಳಗೆ ಹೊಕ್ಕ ತುದಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಮರದಲ್ಲಿ ತೇವ ಶೇಕಡ 20ರ ಮೇಲೆ ನಿಂತರೆ ಕೊಳೆತ ಶುರುವಾಗುತ್ತದೆ. ನಮ್ಮ ತೇವಮಾಪಕ ತುದಿಗಳಲ್ಲಿ 28 ತೋರಿಸುತ್ತಿತ್ತು, ನಡುವೆ 13. ಇಡೀ ತೊಲೆ ಬದಲಿಸಬೇಕಿರಲಿಲ್ಲ. ಹದಿನಾಲ್ಕರಲ್ಲಿ ಆರು ತೊಲೆಗಳ ತುದಿ ಕೊಯ್ದು, ಹಳೆಯ ಮರವನ್ನೇ ಬೆಸೆದು, ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಿದೆವು. ತುದಿಯ ಸುತ್ತ ಗಾಳಿಯಾಡಲು ಬೆರಳು ಹೋಗುವಷ್ಟು ಸಂದು ಬಿಟ್ಟೆವು.

ಮೇಲಂತಸ್ತಿನ ಬಲದ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಮನೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಲೆಕ್ಕ ಹಿಡಿಯುತ್ತೇವೆ. ಧಾನ್ಯದ ಮೂಟೆಗಳನ್ನು ಒಂದು ಮೀಟರ್ ಎತ್ತರ ಪೇರಿಸಿದರೇ 600 ಕಿಲೋ ದಾಟುತ್ತದೆ. ಚಿಂತೆಯಿದ್ದದ್ದು ನಡುಕದ ಬಗ್ಗೆ. ವರ್ಷಗಟ್ಟಲೆ ಯಂತ್ರಗಳು ಕುಣಿದ ಕಟ್ಟಡದಲ್ಲಿ ಜೋಡಣೆಗಳು ಸಡಿಲವಾಗಿರುತ್ತವೆ. ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಟ್ಟಿದ್ದೆ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಹನ್ನೊಂದು ಪಟ್ಟಿಗಳಲ್ಲಿ ಹತ್ತು ಕೊನೆಯವರೆಗೂ ಸೀಳಲಿಲ್ಲ. ಒಂದು ಸೀಳಿತು, ಅದಕ್ಕೂ ನಾನೇ ಕಾರಣ: ಎಂಜಿನ್ ಕೂರಿಸಿದ್ದ ಆಳೆತ್ತರದ ಕಟ್ಟೆಯನ್ನು ಯಂತ್ರ ತರಿಸಿ ಒಡೆಸಲು ಹೊರಟಿದ್ದೆ. ಎರಡನೆಯ ದಿನವೇ ಪಕ್ಕದ ಗೋಡೆಯ ಗಾಜು ಸೀಳಿತು. ಒಡೆಯುವುದನ್ನು ಅಲ್ಲಿಗೇ ಬಿಟ್ಟೆ. ಎಣ್ಣೆ ಕುಡಿದ ಆ ಕಟ್ಟೆಗೆ ಯಾವ ಗಾರೆಯೂ ಹಿಡಿಯುತ್ತಿರಲಿಲ್ಲ. ಆದ್ದರಿಂದ ಮೇಲೆ ಗಾಳಿಯಾಡುವಂತೆ ಹಲಗೆ ಹಾಸಿದೆವು. ಐದನೆಯ ಮನೆಯವರು ಈಗ ಎಂಜಿನ್ ಇದ್ದ ಜಾಗದಲ್ಲಿ ಮಲಗುತ್ತಾರೆ. ಅದೇ ಕೋಣೆಯ ಮಾಡಿಗೆ ಹಳೆಯ ಕಲ್ನಾರಿನ ಶೀಟುಗಳಿದ್ದವು. ಮುರಿದರೆ ಅದರ ಎಳೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ತರಬೇತಾದವರನ್ನೇ ಕರೆಸಿ, ನೀರು ಹಾಯಿಸಿ, ಇಡಿಯಾಗಿ ಬಿಚ್ಚಿಸಿದೆ.

ಒಂದು ಕಡೆ ಗಿರಣಿಯೇ ನಮಗೆ ಉಪಕಾರ ಮಾಡಿತು. ಮೇಲಿನ ಹಾಪರಿನಿಂದ ಧಾನ್ಯ ಕೆಳಗಿಳಿಯಲು ಅಟ್ಟದಲ್ಲಿ ಚೌಕ ರಂಧ್ರಗಳಿದ್ದವು. ನೀರಿನ, ಕೊಳಚೆಯ ಪೈಪುಗಳೆಲ್ಲ ಆ ದಾರಿಯಲ್ಲೇ ಇಳಿದವು. ತೊಲೆಗೆ ಒಂದೂ ತೂತು ಕೊರೆಯಲಿಲ್ಲ. ಪೈಪಿನ ಸುತ್ತಲಿನ ಸಂದುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿದೆವು. ಇಲ್ಲದಿದ್ದರೆ ಕೆಳಮನೆಯ ಹೊಗೆ ನೇರವಾಗಿ ಮೇಲ್ಮನೆಗೆ.

ಸದ್ದಿನ ವಿಷಯದಲ್ಲಿ ನಾನು ಪೂರ್ತಿ ಗೆಲ್ಲಲಿಲ್ಲ. ಜಂತೆಗಳ ನಡುವೆ ಒಣಮರಳು ತುಂಬಿದ್ದರಿಂದ ಮಾತು ಕೆಳಗಿಳಿಯುವುದಿಲ್ಲ. ಹೆಜ್ಜೆಯ ಸದ್ದು ಬೇರೆ ಜಾತಿಯದು, ಅದು ಮರದೊಳಗೇ ಪ್ರಯಾಣ ಮಾಡುತ್ತದೆ. ಹೊಸ ಹಲಗೆ ಎಲ್ಲಿಯೂ ಗೋಡೆಗೆ ತಾಗದಂತೆ ಅಂಚಿನಲ್ಲಿ ರಬ್ಬರ್ ಪಟ್ಟಿ ಕೊಡಬೇಕಿತ್ತು. ಒಂದು ಮನೆಯಲ್ಲಿ ಗಡಿಬಿಡಿಯಲ್ಲಿ ಒಂದು ಬದಿ ಬಿಟ್ಟುಹೋಯಿತು. ಮೇಲಿನವರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆಂದು ಕೆಳಗಿನವರು ನನಗೆ ಇವತ್ತಿಗೂ ಹೇಳುತ್ತಾರೆ.

ಜನ ವಾಸಕ್ಕೆ ಬಂದ ಮೇಲಿನ ಮೊದಲ ಮಳೆಗಾಲದಲ್ಲಿ ಕೆಳಮನೆಯೊಂದರಿಂದ ಫೋನ್ ಬಂತು: ಕಿಟಕಿಯ ಕೆಳಗೆ ತೇವ. ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಒಳಗೆ ಏನೂ ಕೆಟ್ಟಿರಲಿಲ್ಲ. ಹೊರಗೆ ಗೋಡೆಯ ಬುಡದಲ್ಲಿ, ನಮ್ಮ ಜಲ್ಲಿಯ ಚರಂಡಿಯ ಮೇಲೆಯೇ, ಕೆಂಪು ಮಣ್ಣು ಹಾಕಿ ಅಂದವಾಗಿ ಹೂವಿನ ಪಾತಿ ಮಾಡಿದ್ದರು. ಮಣ್ಣು ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿತ್ತು. “ಗಿಡಗಳಿಗೆ ಏನೂ ಆಗದ ಹಾಗೆ ಎತ್ತಿಕೊಡುತ್ತೇನೆ, ಅಮ್ಮಾ” ಎನ್ನುತ್ತ ಮೇಸ್ತ್ರಿ ಸಲಿಕೆ ತರಲು ಹೊರಟರು.